ಹಳೇ ಕಮಾನು ಸೇತುವೆ ಜಾಗಕ್ಕೆ ಏನ್ ಕಟ್ಟೋದು: ಬಾಕ್ಸಾ, ಗರ್ಡರಾ, ಇಲ್ಲಾ ಮತ್ತೆ ಕಮಾನೇನಾ?

ಹೋದ ಭಾನುವಾರ ನಮ್ಮ ಬೀದಿ ಟೀ ಅಂಗಡಿ ಮುಂದೆ ಒಂದು ಗಂಟೆ ಹೊತ್ತು ಜಗಳಾನೇ ಆಯ್ತು ಅನ್ಬೇಕು. ವಿಷಯ ಏನಪ್ಪಾ ಅಂದ್ರೆ ರಾಜಕಾಲುವೆ ಮೇಲಿರೋ ಹಳೇ ಕಲ್ಲಿನ ಕಮಾನು ಸೇತುವೆ, ಅದನ್ನ ತೆಗೆದು ಹೊಸದು ಮಾಡ್ತಾರಂತೆ ಅಂತ ಸುದ್ದಿ, ಹೊಸದು ಅಂದ್ರೆ ಎಂಥದ್ದು ಅನ್ನೋದಕ್ಕೆ ಒಬ್ಬೊಬ್ಬರದ್ದು ಒಂದೊಂದು ರಾಗ. ಒಬ್ರು ಬಾಕ್ಸ್ (ನಾಲ್ಕೂ ಕಡೆ ಕಾಂಕ್ರೀಟಿರೋ ಚೌಕದ ಕಿಂಡಿ) ಹಾಕಿ ಮುಗಿಸ್ರಪ್ಪಾ ಅಂತಾರೆ, ಇನ್ನೊಬ್ರು ಹೈವೇಲಿ ಇರೋ ತರ ಗರ್ಡರ್ (ದಡದಿಂದ ದಡಕ್ಕೆ ಕೂರಿಸೋ ದಪ್ಪ ತೊಲೆ) ಬೇಕು ಅಂತಾರೆ, ಕಾಲೇಜ್ ಹುಡುಗ ಒಬ್ಬ ಮೊಬೈಲಲ್ಲಿ ಎಲ್‌ಇಡಿ ಲೈಟ್ ಸುತ್ತಿರೋ ಸ್ಟೀಲ್ ಕಮಾನು ತೋರಿಸಿ ಇದು ನಮ್ಮ ಚಿಕ್ಕಬಳ್ಳಾಪುರಕ್ಕೆ ಬಂದ್ರೆ ಸೆಲ್ಫಿಗೆ ಜನ ನಂದಿ ಬೆಟ್ಟ ಬಿಟ್ಟು ಇಲ್ಲಿಗೇ ಬರ್ತಾರೆ ಅಂದ. ಹೂವಿನ ಅಂಗಡಿ ಅಜ್ಜಿ ಮಾತ್ರ "ಇರೋದಕ್ಕೆ ಏನಾಗೈತೆ?" ಅಂದ್ರು. ಅವತ್ತು ಬಂದ ಮಾತುಗಳಲ್ಲಿ ಸರಿಯಾದ ಜಾಗದಿಂದ ಶುರುವಾಗಿದ್ದು ಅದೊಂದೇ.

ನಾನು ಸಿವಿಲ್ ಡಿಪ್ಲೊಮಾ ಮಾಡಿ ಹದಿನೆಂಟು ವರ್ಷದಿಂದ ಮೋರಿ, ಕಲ್ವರ್ಟು, ಸಣ್ಣ ಸೇತುವೆ ಸೈಟುಗಳಲ್ಲೇ ಬಿಸಿಲು ಕುಡಿದವನು. ಡಿಸೈನರ್ ಅಲ್ಲ, ಆದ್ರೆ ಡಿಸೈನರ್ ಕೊಟ್ಟ ಡ್ರಾಯಿಂಗು ನಮ್ಮ ಮಣ್ಣಿಗೆ ಇಳಿದಾಗ ಏನಾಗುತ್ತೆ ಅಂತ ನೋಡಿದೀನಿ. ಹಾಗಾಗಿ ಟೀ ಅಂಗಡಿಲಿ ಹೇಳೋಕಾಗದ್ದನ್ನ ಇಲ್ಲಿ ಬರೀತಿದೀನಿ, ನಿಮ್ಮ ಏರಿಯಾದಲ್ಲೂ ಇಂಥ ಸೇತುವೆ ಇದ್ರೆ ಟೆಂಡರ್ ಆಗೋಕೆ ಮುಂಚೆ ಓದ್ಕೊಳ್ಳಿ, ಆಮೇಲೆ ಓದಿ ಏನೂ ಉಪಯೋಗ ಇಲ್ಲ.

ಮೊದ್ಲು ಕೆಳಗಿಳೀರಿ

ಸೇತುವೆ ಮೇಲೆ ನಿಂತು ಸೇತುವೆ ಬಗ್ಗೆ ಮಾತಾಡೋರೇ ಎಲ್ಲ. ನಾನು ಮತ್ತೆ ಕ್ವಾರಿ ಕಡೆ ಕಲ್ಲು ಕೆಲಸ ಮಾಡ್ತಿದ್ದ ಒಬ್ಬ ವಯಸ್ಸಾದ ಮೇಸ್ತ್ರಿ, ಇಬ್ರೂ ಪ್ಯಾಂಟು ಮಡಚ್ಕೊಂಡು ಟೇಪು ಟಾರ್ಚು ಸುತ್ತಿಗೆ ಹಿಡ್ಕೊಂಡು ಕೆಳಗಿಳಿದ್ವಿ. ವಾಸನೆ ಬಗ್ಗೆ ಬರೆಯಲ್ಲ. ಕಮಾನಿನ ಅಗಲ, ಅಂದ್ರೆ ಈ ದಡದಿಂದ ಆ ದಡಕ್ಕೆ, ಅಳೆದ್ರೆ 9.2 ಮೀಟರ್, ಕಮಾನು ಶುರುವಾಗೋ ಜಾಗದಿಂದ ನೆತ್ತಿವರೆಗೆ ಎತ್ತರ 2.3 ಮೀಟರ್, ಅಂದ್ರೆ ಕರೆಕ್ಟಾಗಿ ನಾಲ್ಕಕ್ಕೆ ಒಂದು. ಕಟ್ಟಿದವನು ಯಾರೋ ಗೊತ್ತಿಲ್ಲ, ಲೆಕ್ಕ ಗೊತ್ತಿದ್ದವನು. ಮೇಸ್ತ್ರಿ ಒಂದೊಂದು ಕಲ್ಲಿಗೂ ಸುತ್ತಿಗೆಲಿ ತಟ್ಟುತ್ತಾ ಹೋದ್ರು, ಬಿಗಿಯಾಗಿರೋದು ಠಣ್ ಅನ್ನುತ್ತೆ, ಗಾರೆ ಹೋಗಿ ಸಡಿಲ ಆಗಿರೋದು ಡಬ್ ಅನ್ನುತ್ತೆ, ಒಂದು ಅಂಚಿನ ಕಡೆ ಒಟ್ಟು ನಾಲ್ಕು ಕಲ್ಲು ಡಬ್ ಅಂದ್ವು, ಉಳಿದಿದ್ದೆಲ್ಲ ಗಟ್ಟಿ.

ಬಿರುಕು ನೋಡೋದು ಹೇಗೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಎಲ್ಲಾ ಬಿರುಕೂ ಒಂದೇ ಅಲ್ಲ. ರಸ್ತೆ ಹೋಗೋ ದಿಕ್ಕಲ್ಲೇ ಉದ್ದಕ್ಕೆ, ಅಂಚಿನಿಂದ ಒಂದೆರಡು ಅಡಿ ಒಳಗೆ ಬಿರುಕು ಬಿಟ್ಟಿದ್ರೆ ಪಕ್ಕದ ಗೋಡೆ ಒಳಗಿನ ಮಣ್ಣಿನ ಒತ್ತಡಕ್ಕೆ ಹೊರಗೆ ಉಬ್ತಾ ಇದೆ ಅಂತ, ಇದು ರಿಪೇರಿ ಆಗೋ ಕಾಯಿಲೆ. ರಸ್ತೆಗೆ ಅಡ್ಡಡ್ಡ, ಅಂದ್ರೆ ಈ ಅಂಚಿಂದ ಆ ಅಂಚಿಗೆ ಗೆರೆ ಎಳೆದ ಹಾಗೆ ಬಾಯಿ ಬಿಟ್ಟಿದ್ರೆ ಹುಷಾರಾಗ್ಬೇಕು, ಅಲ್ಲಿ ಕಮಾನು ಬಾಗಿಲ ಕೀಲಿನ ಹಾಗೆ ಮಡಚೋಕೆ ಶುರು ಮಾಡಿದೆ. ಮೂರು ಕಡೆ ಕೀಲಾದ್ರೂ ಕಮಾನು ನಿಲ್ಲುತ್ತೆ, ನಾಲ್ಕನೇದಾದ್ರೆ ಬೀಳುತ್ತೆ. ಕಲ್ಲಿನ ಸಂದಿಂದ ಬಿಳೀ ನೀರಿಳಿದಿರೋ ಕಲೆ ಇದ್ರೆ ಮೇಲಿಂದ ನೀರು ಇಂಗಿ ಸುಣ್ಣ ತೊಳ್ಕೊಂಡು ಬರ್ತಿದೆ ಅಂತ. ಅರಳಿ ಗಿಡ ಅಂತೂ ಇದ್ದೇ ಇರುತ್ತೆ, ಎಲೆ ಕತ್ತರಿಸಿ ಫೋಟೋ ತೆಗೆಸ್ಕೊಂಡ್ರೆ ಸಾಲಲ್ಲ, ಬೇರು ಒಳಗೇ ಇರುತ್ತೆ.

ಕಣ್ಣಿಗೆ ಕಾಣದೇ ಇರೋದು ಅಡಿಪಾಯ. ಮಹಾರಾಷ್ಟ್ರದ ಮಹಾಡ್ ಹತ್ರ ಸಾವಿತ್ರಿ ನದಿ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹದಲ್ಲಿ ಕೊಚ್ಕೊಂಡ್ ಹೋಯ್ತಲ್ಲ, ಬಸ್ಸುಗಳ ಸಮೇತ, ಅದೂ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆನೇ. ಹರಿಯೋ ನೀರು ಪಾದದ ಕೆಳಗಿನ ಮಣ್ಣು ತಿಂದ್ಬಿಟ್ರೆ ಮೇಲಿನ ಕಮಾನು ಎಷ್ಟೇ ಚೆನ್ನಾಗಿದ್ರೂ ಅಷ್ಟೇ. ಅಲ್ಲಿ ಹೊಸ ಸೇತುವೆ 165 ದಿನದಲ್ಲಿ ಎದ್ದು ನಿಂತ್ಕೊಂಡ್ತು ಅನ್ನೋದೂ ನೆನಪಿರ್ಲಿ, ಮನಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ.

ಬದಲಾಯಿಸ್ಲೇಬೇಕಾ?

ರಿಪೇರಿ ಅನ್ನೋದೂ ಒಂದು ಆಯ್ಕೆ, ನಮ್ಮಲ್ಲಿ ಯಾರೂ ಅದನ್ನ ಪಟ್ಟಿಗೇ ಸೇರಿಸಲ್ಲ. ಹಳೇ ಕಲ್ಲು ಕಮಾನಿಗೆ ಎಷ್ಟು ಲೋಡು ತಡೆಯುತ್ತೆ ಅಂತ ನೋಡೋಕೆ ಬ್ರಿಟಿಷ್ ಮಿಲಿಟರಿ ಇಂಜಿನಿಯರ್‌ಗಳು ಮಾಡಿದ ಒಂದು ಸಿಂಪಲ್ ವಿಧಾನ ಇದೆ, ಎಂಇಎಕ್ಸ್‌ಇ ಅಂತಾರೆ, ಅಗಲ, ಎತ್ತರ, ಕಲ್ಲಿನ ದಪ್ಪ, ಅದರ ಮೇಲಿನ ಮಣ್ಣಿನ ದಪ್ಪ ಇಷ್ಟು ಅಳೆದು, ಬಿರುಕು ಗಾರೆ ಸ್ಥಿತಿಗೆ ಒಂದಿಷ್ಟು ಕಡಿಮೆ ಮಾಡಿ, ಗಾಡಿಯ ಒಂದೊಂದು ಆಕ್ಸಲ್ (ಚಕ್ರದ ಅಚ್ಚು) ಮೇಲೆ ಎಷ್ಟು ಟನ್ ಬಿಡಬಹುದು ಅಂತ ತೆಗೀತಾರೆ. 18 ಮೀಟರ್‌ವರೆಗಿನ ಒಂಟಿ ಕಮಾನಿಗೆ ನಡೆಯುತ್ತೆ. ಅಗಲಕ್ಕೆ ಎತ್ತರ ನಾಲ್ಕನೇ ಒಂದು ಭಾಗನೋ ಅದಕ್ಕಿಂತ ಜಾಸ್ತಿನೋ ಇದ್ರೆ ಅದರಲ್ಲಿ ಮಾರ್ಕ್ಸ್ ಕಟ್ ಆಗಲ್ಲ, ನಮ್ಮದು ಆ ವಿಷಯದಲ್ಲಿ ಪಾಸು.

ರಿಪೇರಿ ಅಂದ್ರೆ ಸಿಮೆಂಟ್ ಬಳಿಯೋದಲ್ಲ. ಸುಣ್ಣದ ಗಾರೆ ಇರೋ ಕಡೆ ಸಿಮೆಂಟ್ ಪಾಯಿಂಟಿಂಗ್ ಮಾಡಿದ್ರೆ (ಅಂದ್ರೆ ಕಲ್ಲಿನ ಸಂದಿಗೆ ಸಿಮೆಂಟ್ ತುಂಬಿದ್ರೆ) ಒಳಗಿನ ನೀರು ಹೊರಗೆ ಬರೋ ದಾರಿ ಮುಚ್ಚುತ್ತೆ, ನಾಲ್ಕು ವರ್ಷಕ್ಕೆ ಸಿಮೆಂಟು ಚಕ್ಕೆ ಚಕ್ಕೆಯಾಗಿ ಉದುರುತ್ತೆ, ಹೋಗ್ತಾ ಕಲ್ಲಿನ ಅಂಚನ್ನೂ ಕಿತ್ಕೊಂಡು ಹೋಗುತ್ತೆ. ಸರಿಯಾದ ಕೆಲಸ ಅಂದ್ರೆ ಮೇಲಿನ ಟಾರು ಮಣ್ಣು ಎಲ್ಲ ತೆಗೆದು (ನಮ್ಮಲ್ಲಿ ಟಾರು ಮೇಲೆ ಟಾರು ಹಾಕಿ ಹಾಕಿ ದೋಸೆ ಪೇರಿಸಿದ ಹಾಗೆ ಆಗಿರುತ್ತೆ, ಅದೇ ಒಂದು ದೊಡ್ಡ ಭಾರ) ಹಳೇ ಕಮಾನಿನ ಬೆನ್ನ ಮೇಲೆ ಕುದುರೆ ಜೀನಿನ ಹಾಗೆ ಆರ್‌ಸಿಸಿ (ಒಳಗೆ ಕಂಬಿ ಇರೋ ಕಾಂಕ್ರೀಟು) ಪದರ ಕೂರಿಸೋದು, ನೀರಿಳಿಯದ ಹಾಗೆ ಮೆಂಬ್ರೇನ್ ಹಾಕೋದು, ಉಬ್ಬಿದ ಗೋಡೆ ಬಿಚ್ಚಿ ಕಟ್ಟೋದು. ಇದ್ರಲ್ಲಿ ಸೇತುವೆ ಗಟ್ಟಿ ಆಗುತ್ತೆ, ಅಗಲ ಆಗಲ್ಲ. ನಮ್ಮದು 5.5 ಮೀಟರ್ ಅಗಲದ ರಸ್ತೆ, ಎರಡು ಬಸ್ಸು ಎದುರಾದ್ರೆ ಒಂದು ಹಿಂದೆ ಹೋಗ್ಬೇಕು, ಸಮಸ್ಯೆ ಇರೋದೇ ಅಲ್ಲಿ.

ಪಕ್ಕದಲ್ಲಿ ಜಾಗ ಇದ್ರೆ ಹಳೇದು ಉಳಿಸಿ ಹೊಸದು ಕಟ್ಟೋದು ಎಲ್ಲಕ್ಕಿಂತ ಬುದ್ಧಿವಂತ ಕೆಲ್ಸ. ಅಹಮದಾಬಾದಲ್ಲಿ 1892ರ ಎಲ್ಲಿಸ್ ಬ್ರಿಡ್ಜ್ ಇದೆ, ಬಿಲ್ಲಿನಾಕಾರದ ಸ್ಟೀಲ್ ಸೇತುವೆ, ಅದರ ಎರಡೂ ಪಕ್ಕ 1990ರ ದಶಕದಲ್ಲಿ ಹೊಸ ಸೇತುವೆ ಮಾಡಿ ಮಧ್ಯದಲ್ಲಿ ಅದನ್ನ ಹಾಗೇ ಬಿಟ್ರು. ನಮ್ಮ 44ನೇ ಹೈವೇಲಿ ಮೇಲಕ್ಕೆ ಹೋದ್ರೆ ಸಿಗೋ ಹೈದರಾಬಾದಲ್ಲಿ ಪುರಾನಾಪುಲ್ 1578ರದ್ದು, 22 ಕಮಾನು, ಈಗ ಅದರ ಮೇಲೆ ತರಕಾರಿ ಮಾರ್ತಾರೆ, ಗಾಡಿಗಳಿಗೆ ಬೇರೆ ಸೇತುವೆ ಇದೆ. ನಮ್ಮಲ್ಲಿ ಪಕ್ಕದಲ್ಲಿ ಜಾಗ ಎಲ್ಲಿದೆ ಹೇಳಿ, ಈ ಕಡೆ ಸೇತುವೆ ಗೋಡೆಗೆ ಅಂಟ್ಕೊಂಡೇ ಮನೆ, ಆ ಕಡೆ ಟ್ರಾನ್ಸ್‌ಫಾರ್ಮರು. ಹಾಗಾಗಿ ನಮಗೆ ತೆಗೆದು ಕಟ್ಟೋದೇ ಗತಿ ಅಂತ ನಾನೂ ಒಪ್ಕೊಂಡೆ, ಅರೆಮನಸಿಂದ.

ಕಮಾನು ಕೇಳೋದು ನೆಲಾನ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಉಳಿದಿದ್ದು ಮರೆತ್ರೂ ಇದೊಂದು ಇಟ್ಕೊಳ್ಳಿ. ಗರ್ಡರ್ ಸೇತುವೆ ನೆಲದ ಮೇಲೆ ನೇರ ಕೆಳಕ್ಕೆ ಕೂರುತ್ತೆ, ಬೆಂಚ್ ಮೇಲೆ ನಾವು ಕೂತ ಹಾಗೆ. ಕಮಾನು ಕೆಳಕ್ಕೂ ಒತ್ತುತ್ತೆ, ಪಕ್ಕಕ್ಕೂ ಒದೀತದೆ. ಕಾಲು ಅಗಲ ಮಾಡಿ ಸಾರಿಸಿದ ನೆಲದ ಮೇಲೆ ಸಾಕ್ಸ್ ಹಾಕ್ಕೊಂಡು ನಿಂತು ನೋಡಿ, ಕಾಲು ಜಾರ್ತಾ ಹೋಗುತ್ತಲ್ಲ, ಅದೇ.

ಒಂದು ಲೆಕ್ಕ ಹಾಕೋಣ, ಕಷ್ಟ ಏನಿಲ್ಲ. ಹೊಸ ಕಮಾನಿನ ಅಗಲ 12 ಮೀಟರ್ ಇಟ್ಕೊಳ್ಳಿ, ಎತ್ತರ 3 ಮೀಟರ್, ಕಾಂಕ್ರೀಟು ಮಣ್ಣು ರಸ್ತೆ ಗಾಡಿ ಎಲ್ಲ ಸೇರಿ ಚದರ ಮೀಟರ್‌ಗೆ ಸುಮಾರು 4 ಟನ್ ಭಾರ ಅಂತ ಒರಟಾಗಿ ಹಿಡೀರಿ. ಭಾರಕ್ಕೆ ಅಗಲದ ವರ್ಗ ಗುಣಿಸಿ, ಎತ್ತರದ ಎಂಟು ಪಟ್ಟಿಂದ ಭಾಗಿಸ್ಬೇಕು: 4 ಗುಣಿಸು 144, ಭಾಗಿಸು 24, ಬಂದಿದ್ದು 24 ಟನ್. ಅಂದ್ರೆ ಸೇತುವೆಯ ಪ್ರತಿ ಒಂದು ಮೀಟರ್ ಪಟ್ಟಿಗೆ ಪಕ್ಕಕ್ಕೆ 24 ಟನ್ ಒದೆತ. ಸೇತುವೆ ಮೇಲಿನ ರಸ್ತೆ 10 ಮೀಟರ್ ಅಗಲ ಇದ್ರೆ ಒಂದೊಂದು ದಡಕ್ಕೂ 240 ಟನ್. ಹತ್ತು ಚಕ್ರದ ಲಾರಿ ಫುಲ್ ಲೋಡಲ್ಲಿ 28 ಟನ್ ಚಿಲ್ಲರೆ ಬರುತ್ತೆ, ಅಂಥ ಎಂಟು ಲಾರಿ ಭಾರ ಸೇತುವೆಯ ಎರಡೂ ಕಡೆ ಮಣ್ಣನ್ನ ಹಗಲೂ ರಾತ್ರಿ ತಳ್ತಾ ಇರುತ್ತೆ. ಈಗ ಯಾರೋ ಬಂದು ಕಮಾನು ಚಪ್ಪಟೆ ಇದ್ರೆ ಮಾಡರ್ನ್ ಆಗಿ ಕಾಣುತ್ತೆ, ಎತ್ತರ ಒಂದೂವರೆ ಮೀಟರ್ ಸಾಕು ಅಂದ್ರೆ? ಒದೆತ ಡಬಲ್, 480 ಟನ್. ಪೇಪರ್ ಮೇಲೆ ಗೆರೆ ಸ್ವಲ್ಪ ಬಗ್ಗಿಸಿದ್ದು ಅಷ್ಟೇ, ಆದ್ರೆ ಅಡಿಪಾಯದ ಬಿಲ್ ಬೇರೆನೇ ಆಗೋಯ್ತು.

ಜಮ್ಮು ಕಾಶ್ಮೀರದ ಚೆನಾಬ್ ಸೇತುವೆ 467 ಮೀಟರ್ ಕಮಾನು, ಅದು ಒದೆಯೋದಕ್ಕೆ ಎರಡು ಕಡೆ ಬೆಟ್ಟ ಇದೆ. ರಾಜಮಂಡ್ರಿಲಿ ಗೋದಾವರಿ ಮೇಲೆ 1997ರಲ್ಲಿ ಬಂದ ರೈಲ್ವೆ ಕಮಾನು ಸೇತುವೆನೂ ಕಮಾನೇ, ಹಳೇ ಹ್ಯಾವ್‌ಲಾಕ್ ಸೇತುವೆ ಬದಲಿಗೆ ಕಟ್ಟಿದ್ದು, 28 ಕಮಾನು, ಒಂದೊಂದೂ 97 ಮೀಟರ್ ಮೇಲೆ, ಆದ್ರೆ ಅಲ್ಲಿ ನದಿ ಮಧ್ಯದಲ್ಲಿ ಬೆಟ್ಟ ಎಲ್ಲಿಂದ ತರೋದು? ಹಾಗಾಗಿ ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ ಕಮಾನಿನ ಎರಡೂ ತುದಿನ ಕೆಳಗಡೆಯಿಂದ ಎಳೆದು ಕಟ್ಟಿದಾರೆ, ಒದೆತ ಹೆದೆಲೇ ಮುಗಿದು ಹೋಗುತ್ತೆ, ಕಂಬಕ್ಕೆ ಬರೀ ಕೆಳಮುಖದ ಭಾರ. ಇದನ್ನೇ ಬೋಸ್ಟ್ರಿಂಗ್ ಅನ್ನೋದು. ನೋಡೋಕೆ ಎರಡೂ ಕಮಾನೇ, ನೆಲದ ಜೊತೆ ಸಂಬಂಧ ಮಾತ್ರ ಪೂರ್ತಿ ಉಲ್ಟಾ.

ನಮ್ಮೂರ ಕಥೆ ಏನು? ಗ್ರಾನೈಟು, ನೈಸ್ ಅನ್ನೋ ಪಟ್ಟೆ ಪಟ್ಟೆ ಕಲ್ಲು, ಎಲ್ಲಿ ನೋಡಿದ್ರೂ ಬಂಡೆ, ಹಾಗಾದ್ರೆ ಕಮಾನಿಗೆ ಹೇಳಿ ಮಾಡ್ಸಿದ ಜಾಗ ಅನ್ಸುತ್ತೆ. ಆದ್ರೆ ರಾಜಕಾಲುವೆ ಹರಿಯೋದು ಬೆಟ್ಟದ ಮೇಲಲ್ಲ, ಒಂದು ಕೆರೆ ಕೋಡಿಯಿಂದ ಇನ್ನೊಂದು ಕೆರೆ ಅಂಗಳಕ್ಕೆ, ಅಲ್ಲಿರೋದು ನೂರಾರು ವರ್ಷದ ಗೋಡು ಮಣ್ಣು. ಇನ್ನೊಂದು ಮೋಸ ಏನಂದ್ರೆ ನಮ್ಮ ಕಡೆ ಮಣ್ಣೊಳಗೆ ಗುಂಡುಗಳು ತೇಲ್ತಾ ಇರ್ತವೆ. ಬೋರ್ ಮಷಿನ್ ಎರಡು ಮೀಟರಿಗೆ ಟಕ್ ಅಂತ ನಿಂತ್ರೆ 'ರಾಕ್ ಸಿಕ್ತು' ಅಂತ ಬರ್ಕೊಂಡು ಹೋಗ್ತಾರೆ, ಅದು ಬಂಡೆ ಅಲ್ಲ, ಎಮ್ಮೆ ಗಾತ್ರದ ಒಂಟಿ ಗುಂಡು, ಅದರ ಕೆಳಗೆ ಮತ್ತೆ ಮೆತ್ತನೆ ಮೊರಂ. ಹಾಗಾಗಿ ಎರಡೂ ದಡದಲ್ಲಿ ಬೋರ್ ಹಾಕ್ಸಿ, ಕಲ್ಲು ಸಿಕ್ಕಿದ ಮೇಲೂ ಇನ್ನೊಂದು ಮೂರು ಮೀಟರ್ ಕೊರೆಸಿ, ಕೋರ್ ಬಾಕ್ಸಲ್ಲಿ ಜೋಡಿಸಿಟ್ಟ ಕಲ್ಲಿನ ತುಂಡುಗಳನ್ನ ಕಣ್ಣಾರೆ ನೋಡಿ. ಉದ್ದುದ್ದ ತುಂಡು ಬಂದಿದ್ರೆ ಕಮಾನು ಕಟ್ಟಬಹುದು. ಪುಡಿ ಪುಡಿ ಬಂದಿದ್ರೆ ಕಮಾನಿನ ಆಸೆ ಬಿಡಿ, ಇಲ್ಲಾ ಹೆದೆ ಕಟ್ಟಿದ್ದು ಮಾಡಿ.

ಆಮೇಲೆ ನೀರು

2021ರ ನವೆಂಬರ್ ಯಾರಿಗೆ ಮರೆಯುತ್ತೆ. ಎಷ್ಟೋ ವರ್ಷದಿಂದ ಕೋಡಿನೇ ಹರಿಯದ ಕೆರೆಗಳೆಲ್ಲ ತುಂಬಿ ಹರಿದು, ಕಾಲುವೆ ಒತ್ತುವರಿ ಮಾಡ್ಕೊಂಡವರ ಮನೆಗೂ ಮಾಡದೇ ಇದ್ದವರ ಮನೆಗೂ ನೀರು ನುಗ್ತು. ನಮ್ಮಜ್ಜ ಹೇಳ್ತಿದ್ರು ಕಾಲುವೆ ಬತ್ತಿದ್ರೂ ದಾರಿ ಮರೆಯಲ್ಲ ಅಂತ. ಈಗ ಇನ್ನೊಂದು ಬದಲಾವಣೆ ಬೇರೆ: ಎಚ್‌ಎನ್ ವ್ಯಾಲಿ ನೀರು (ಬೆಂಗಳೂರಿಂದ ಶುದ್ಧ ಮಾಡಿ ನಮ್ಮ ಕೆರೆಗೆ ಬಿಡೋ ಕೊಳಚೆ ನೀರು) ಬರೋಕೆ ಶುರುವಾದ ಮೇಲೆ ಕಂದವಾರ ಕೆರೆ ತರದ ಕೆರೆಗಳಲ್ಲಿ ಮಳೆಗಾಲ ಬರೋ ಮುಂಚೆನೇ ನೀರಿರುತ್ತೆ, ಅಂದ್ರೆ ಒಂದು ದೊಡ್ಡ ಮಳೆ ಬಿದ್ರೆ ಹಿಡಿದಿಟ್ಕೊಳ್ಳೋ ಜಾಗ ಕಮ್ಮಿ, ಕೋಡಿ ಬೇಗ ಹರಿಯುತ್ತೆ. ಇಪ್ಪತ್ತು ವರ್ಷ ಹಿಂದಿನ ಅಂದಾಜು ನೋಡಿ ಸೇತುವೆ ಅಗಲ ಇಟ್ರೆ ಆಗಲ್ಲ.

ಈ ವಿಷಯದಲ್ಲಿ ಕಮಾನಿನ ಪರವಾಗಿ ನಾನು ಸುಳ್ಳು ಹೇಳಲ್ಲ, ಬಾಕ್ಸೇ ಮುಂದು. ಅಷ್ಟೇ ಅಗಲ ಅಷ್ಟೇ ಎತ್ತರದ ಚೌಕದಲ್ಲಿ 100 ಲೋಟ ನೀರು ಹೋಗೋ ಜಾಗ ಇದ್ರೆ ಅರ್ಧವೃತ್ತದಲ್ಲಿ 78, ಪ್ಯಾರಾಬೋಲಾ ಆದ್ರೆ 67 ಅಷ್ಟೇ. ಅದೂ ಅಲ್ದೆ ನೀರು ಮೇಲೇರಿದ ಹಾಗೆಲ್ಲ ಕಮಾನಿನ ಬಾಯಿ ಕಿರಿದಾಗ್ತಾ ಹೋಗುತ್ತೆ, ಪ್ರವಾಹ ಜಾಸ್ತಿ ಆದಾಗಲೇ ದಾರಿ ಕಡಿಮೆ ಆಗೋದು. ಅದಕ್ಕೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೋಡಲ್ಲಿ ಕಮಾನಿಗೆ ಬೇರೆ ರೂಲು: ನೀರಿನ ಆಳದ ಹತ್ತನೇ ಒಂದು ಭಾಗ ಪ್ಲಸ್ ಕಮಾನಿನ ಎತ್ತರದ ಮೂರನೇ ಒಂದು ಭಾಗ ಖಾಲಿ ಇರ್ಬೇಕು. ನಮ್ಮ ಲೆಕ್ಕದ 3 ಮೀಟರ್ ಕಮಾನಿಗೆ, ನೀರು ಎರಡೂವರೆ ಮೀಟರ್ ಬಂದ್ರೆ, ನೆತ್ತಿ ಕೆಳಗೆ ಒಂದೂಕಾಲು ಮೀಟರ್ ಬಿಡ್ಬೇಕಾಗುತ್ತೆ. ಸೆಕೆಂಡಿಗೆ 3ರಿಂದ 30 ಘನ ಮೀಟರ್ ಹರಿಯೋ ಕಾಲುವೆ ಮೇಲೆ ಬೇರೆ ಸೇತುವೆಗಳಿಗೆ 60 ಸೆಂಟಿಮೀಟರ್ ಸಾಕು.

ಹಾಗಂತ ಬಾಕ್ಸ್ ಅಂದ್ ತಕ್ಷಣ ಗೆದ್ದುಬಿಡ್ತು ಅಂತಲ್ಲ. 12 ಮೀಟರ್‌ಗೆ ಒಂದೇ ಬಾಕ್ಸ್ ಹಾಕಲ್ಲ, ನಾಲ್ಕು ಮೀಟರಿನ ಮೂರು ಕಿಂಡಿ ಮಾಡ್ತಾರೆ, ಮಧ್ಯೆ ಎರಡು ಗೋಡೆ ಬರುತ್ತೆ. ನಮ್ಮ ಕಾಲುವೆಲಿ ಬರೋದು ಬರೀ ನೀರಾ? ತೆಂಗಿನ ಗರಿ, ಹಾಸಿಗೆ, ಥರ್ಮಾಕೋಲು, ಹೂವಿನ ಮಾರ್ಕೆಟಲ್ಲಿ ಉಳಿದ ಸೇವಂತಿಗೆ ಮೂಟೆ, ಒಂದ್ಸಲ ಪೂರ್ತಿ ಸೋಫಾನೇ ಬಂದಿತ್ತು. ಅದೆಲ್ಲ ಮಧ್ಯದ ಗೋಡೆಗೆ ಸಿಕ್ಕಾಕ್ಕೊಂಡ್ರೆ ಮೂರು ಕಿಂಡಿಲಿ ಒಂದು ಬಂದ್, ಆಮೇಲೆ ಎರಡನೇದು. ಕಸ ಎತ್ತೋಕೆ ಜೆಸಿಬಿ ಇಳಿಯೋ ದಾರಿ ಇದ್ಯಾ ಅಂತ ನೋಡ್ದೆ ಬಹುಕಿಂಡಿ ಬಾಕ್ಸ್ ಒಪ್ಪಬೇಡಿ. ಕಮಾನು ಒಂದೇ ಬಾಯಿ, ಸೋಫಾನೂ ಹೋಗುತ್ತೆ.

ಒಂದೊಂದಾಗಿ

ಬಾಕ್ಸ್. ಅಗ್ಗ, ಎಲ್ಲಾ ಕಂಟ್ರಾಕ್ಟರ್‌ಗೂ ಗೊತ್ತಿರೋ ಕೆಲಸ, ಕೆಳಗೂ ಸ್ಲ್ಯಾಬ್ ಇರೋದ್ರಿಂದ ಮೆತ್ತಗಿನ ನೆಲದಲ್ಲೂ ದೋಣಿ ತರ ಕೂರುತ್ತೆ, ಅರ್ಧ ಅರ್ಧ ಕಟ್ಟೋಕೂ ಬರುತ್ತೆ. ಪ್ರೀಕಾಸ್ಟ್ (ಬೇರೆ ಕಡೆ ಮೊದ್ಲೇ ಎರಕ ಹೊಯ್ದಿರೋ) ಬಾಕ್ಸ್ ತಂದು ಜೋಡ್ಸಿದ್ರೆ ಇನ್ನೂ ಬೇಗ. ನೋಡೋಕೆ ಏನೂ ಇಲ್ಲ, ಅಷ್ಟೇ. ಕೆಲವು ಕಡೆ ಬಾಕ್ಸ್ ಕಟ್ಟಿ ಮುಂದೆ ಕಮಾನಿನಾಕಾರದ ತೆಳು ಗೋಡೆ ಅಂಟಿಸ್ತಾರೆ, ಮದುವೆ ಮಂಟಪದ ಥರ್ಮಾಕೋಲ್ ಗೋಪುರದ ಹಾಗೆ, ನನಗಂತೂ ಅದು ನಗು ಬರೋ ವಿಷಯ, ಜೊತೆಗೆ ನೀರಿನ ದಾರಿನೂ ಮುಚ್ಚುತ್ತೆ. ಬಾಕ್ಸ್ ಕಟ್ಟಿದ್ರೆ ಬಾಕ್ಸ್ ಅಂತಲೇ ಕಾಣ್ಲಿ ಬಿಡಿ.

ಗರ್ಡರ್. 10ರಿಂದ 25 ಮೀಟರಿಗೆ ಆರ್‌ಸಿಸಿ ಗರ್ಡರು, ಅದಕ್ಕಿಂತ ಮೇಲೆ ಪ್ರೀಸ್ಟ್ರೆಸ್ಡ್, ಅಂದ್ರೆ ಒಳಗಿನ ಸ್ಟೀಲ್ ತಂತಿ ಎಳೆದು ಬಿಗಿ ಮಾಡಿದ ಕಾಂಕ್ರೀಟು. ನೀರಿಗೆ ಅಡ್ಡಿ ಇಲ್ಲ, ಮಧ್ಯೆ ಕಂಬ ಬೇಡ. ಪೇಟೆ ಒಳಗೆ ಇದರ ತೊಂದರೆ ದಪ್ಪ. 12 ಮೀಟರ್ ಅಂದ್ರೆ ಗರ್ಡರ್ ಮತ್ತೆ ಸ್ಲ್ಯಾಬ್ ಸೇರಿ ಒಂದು ಮೀಟರ್ ಮೇಲೆನೇ ದಪ್ಪ ಬರುತ್ತೆ, ಕೆಳಗೆ ನೀರಿಗೆ ಜಾಗ ಬಿಟ್ಟು ಅಷ್ಟು ದಪ್ಪ ಕೂರಿಸಿದ್ರೆ ರಸ್ತೆ ಮೇಲೇರುತ್ತೆ, ಎರಡೂ ಕಡೆ ಇಳಿಜಾರು ಮಾಡ್ಬೇಕು, ಆ ಇಳಿಜಾರಿನ ಪಕ್ಕದ ಅಂಗಡಿಗಳೆಲ್ಲ ಗುಂಡಿಲಿ ಕೂತ ಹಾಗೆ ಆಗುತ್ತೆ. ಬಿಬಿ ರಸ್ತೆ ತರದ ಕಡೆ ಅಂಗಡಿಯವರು ಸುಮ್ನೆ ಬಿಡ್ತಾರಾ. ಊರ ಹೊರಗೆ ಆದ್ರೆ ಕಣ್ಣು ಮುಚ್ಕೊಂಡು ಗರ್ಡರ್ ಅನ್ನಿ.

ಸ್ಟೀಲ್ ಬೋಸ್ಟ್ರಿಂಗ್, ಅದೇ ಸೆಲ್ಫಿ ಸೇತುವೆ. ರಸ್ತೆ ಮಟ್ಟ ಏರಲ್ಲ ಯಾಕಂದ್ರೆ ಕಮಾನು ಮೇಲಿರುತ್ತೆ, ಡೆಕ್ಕನ್ನ (ಗಾಡಿ ಹೋಗೋ ಹಾಸನ್ನ) ಹಗ್ಗದಿಂದ ತೂಗಾಕಿರ್ತಾರೆ. ಹಗ್ಗಗಳನ್ನ ಒಂದಕ್ಕೊಂದು ಅಡ್ಡ ಹಾಯೋ ಹಾಗೆ ಹೆಣೆದ್ರೆ ಇನ್ನೂ ತೆಳ್ಳಗೆ ಮಾಡಬಹುದು, ನೆಟ್‌ವರ್ಕ್ ಆರ್ಚ್ ಅಂತಾರೆ, ನಾರ್ವೆಯ ಪರ್ ಟ್ವೈಟ್ ಅನ್ನೋ ಇಂಜಿನಿಯರ್ ಶುರು ಮಾಡಿದ್ದು. ಒಳ್ಳೇ ಸೇತುವೆ, ಸುಳ್ಳಲ್ಲ, ಆದ್ರೆ ಇದು ಐವತ್ತು ಅರವತ್ತು ಮೀಟರ್ ದಾಟೋ ಪ್ರಾಣಿ, ರೈಲ್ವೆ ಲೈನ್ ಮೇಲೆ, ದೊಡ್ಡ ನದಿ ಮೇಲೆ. 12 ಮೀಟರ್ ಕಾಲುವೆಗೆ ಇದನ್ನ ತರೋದು ಇಲಿ ಹಿಡಿಯೋಕೆ ಆನೆ ಬಾಡಿಗೆಗೆ ತಂದ ಹಾಗೆ. ಪೇಂಟ್ ಮಾಡ್ತಾ ಇರ್ಬೇಕು, ಬೋಲ್ಟ್ ಚೆಕ್ ಮಾಡ್ತಾ ಇರ್ಬೇಕು, ಮೇಲೆ ಅಡ್ಡಪಟ್ಟಿ ಇದ್ರೆ ಊರೊಳಗೆ 5.5 ಮೀಟರ್ ಎತ್ತರ ಬಿಡ್ಬೇಕು, ಗಣೇಶನ ಮೆರವಣಿಗೆ ದಿನ ಅದೂ ಸಾಲದೇ ಹೋಗ್ಬಹುದು.

ಹೊಸ ಕಲ್ಲು ಕಮಾನು. ಆಸೆ ಇದೆ. ಕಲ್ಲಿಗೆ ತುಕ್ಕು ಹಿಡಿಯಲ್ಲ, ಒಳಗೆ ಕಂಬಿನೇ ಇಲ್ಲ, ಅದೇ ಅದರ ಆಯಸ್ಸಿನ ಗುಟ್ಟು. ಕಲ್ಲಿನ ಊರು ನಮ್ಮದು, ಆದ್ರೆ ಕಮಾನಿನ ಕಲ್ಲನ್ನ ಓರೆ ಹಿಡಿದು ಕೆತ್ತೋ ಕೈಗಳು ಎಷ್ಟು ಉಳಿದಿವೆ? ನನ್ನ ಜೊತೆ ಬಂದ ಮೇಸ್ತ್ರಿನ ಕೇಳಿದೆ, "ನಾನೊಬ್ನಿದೀನಿ, ನನ್ ಮೊಣಕಾಲು ಬರಲ್ಲ" ಅಂದ್ರು.

ಆರ್‌ಸಿಸಿ ಕಮಾನು, ಅಲ್ಲೇ ಎರಕ ಹೊಯ್ಯೋದು. ನೆಲ ಗಟ್ಟಿ ಇದ್ರೆ ನನ್ನ ಓಟು ಇದಕ್ಕೆ. ಕಾಂಕ್ರೀಟಿಗೆ ಒತ್ತಿಸ್ಕೊಳ್ಳೋದು ಇಷ್ಟ, ಎಳೆಸ್ಕೊಳ್ಳೋದು ಕಷ್ಟ, ಕಮಾನಲ್ಲಿ ಬಹುಪಾಲು ಒತ್ತಡನೇ ಇರೋದ್ರಿಂದ ಬಿರುಕು ಕಮ್ಮಿ, ಕಂಬಿಗೆ ನೀರು ಮುಟ್ಟೋದು ಕಮ್ಮಿ. ಮೇಲೆ ಮಣ್ಣು ತುಂಬೋದ್ರಿಂದ ಕುಡಿಯೋ ನೀರಿನ ಪೈಪು, ಯುಜಿಡಿ (ಒಳಚರಂಡಿ), ಕೇಬಲ್ಲು ಎಲ್ಲ ಒಳಗೇ ಡಕ್ಟ್ ಹಾಕಿ ಬಿಡಬಹುದು, ಸೇತುವೆ ಪಕ್ಕದಲ್ಲಿ ಕರುಳು ನೇತಾಡಿದ ಹಾಗೆ ಪೈಪ್ ನೇತಾಡಲ್ಲ. ಬೇರಿಂಗ್ ಇಲ್ಲ, ಗಾಡಿ ಹೋದಾಗೆಲ್ಲ ಟಡಕ್ ಅನ್ನೋ ಜಾಯಿಂಟಿನ ಕಾಟನೂ ಕಮ್ಮಿ. ತೊಂದರೆ ಸೆಂಟ್ರಿಂಗ್ ಒಂದೇ. ಅಂದಹಾಗೆ ಮನೆ ಮೋಲ್ಡ್ ಹಾಕುವಾಗ ನಾವೆಲ್ಲ ಸೆಂಟ್ರಿಂಗ್ ಸೆಂಟ್ರಿಂಗ್ ಅಂತೀವಲ್ಲ, ಆ ಪದ ಮೂಲದಲ್ಲಿ ಕಮಾನಿಗೆ ಕೊಡೋ ಆಸರೆ ಚೌಕಟ್ಟಿಂದೇ. ಅದಕ್ಕೆ ಒಣಗಿದ ಕಾಲುವೆ ಬೇಕು, ಮುಂಚೆ ಫೆಬ್ರವರಿಯಿಂದ ಮೇ ತನಕ ಕಾಲುವೆ ಒಣಗೇ ಇರ್ತಿತ್ತು, ಈಗ ಕೆರೆಗೆ ನೀರು ಬಿಡೋ ಲೈನಲ್ಲಿದ್ರೆ ವರ್ಷ ಪೂರ್ತಿ ಹರಿಯುತ್ತೆ, ನೀರು ಬೇರೆ ಕಡೆ ತಿರುಗಿಸೋ ಖರ್ಚು ಎಸ್ಟಿಮೇಟಲ್ಲಿ ಇದ್ಯಾ ಅಂತ ನೋಡಿ. ಇಲ್ದಿದ್ರೆ ಆಮೇಲೆ ಎಕ್ಸ್ಟ್ರಾ ಐಟಮ್ ಅಂತ ಬರುತ್ತೆ.

ಸೆಂಟ್ರಿಂಗೇ ಬೇಡ ಅಂದ್ರೆ ಪ್ರೀಕಾಸ್ಟ್ ಕಮಾನು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಲ್ಲಿ ಕ್ವೀನ್ಸ್ ಯೂನಿವರ್ಸಿಟಿಯವರು ಒಂದು ಚಂದದ ಉಪಾಯ ಮಾಡಿದಾರೆ, ಕಾಂಕ್ರೀಟ್ ಗಟ್ಟಿಗಳನ್ನ ಚಪ್ಪಟೆಯಾಗಿ ಸಾಲಾಗಿ ಹೊಯ್ದು ಮೇಲೊಂದು ಗಟ್ಟಿ ಬಟ್ಟೆ ತರದ ಹಾಳೆಯಿಂದ ಜೋಡಿಸ್ತಾರೆ, ಕ್ರೇನಲ್ಲಿ ಎತ್ತಿದ ತಕ್ಷಣ ಗಟ್ಟಿಗಳು ತಾವೇ ಬಾಗಿ ಕಮಾನಾಗಿ ಕೂರ್ತವೆ. ಲಾರಿಲಿ ಚಾಪೆ ತರ ಬರುತ್ತೆ, ಸೈಟಲ್ಲಿ ಸೇತುವೆ ಆಗುತ್ತೆ. ನಮ್ಮ ಕಡೆ ನಾನಿದನ್ನ ನೋಡಿಲ್ಲ. ಬೇರೆ ತರದ ಪ್ರೀಕಾಸ್ಟ್ ಕಮಾನು ತುಂಡುಗಳೂ ಇವೆ, ಎಲ್ಲದಕ್ಕೂ ದೊಡ್ಡ ಕ್ರೇನ್ ನಿಲ್ಲೋ ಜಾಗ ಬೇಕು, ಮೇಲೆ ಕರೆಂಟ್ ತಂತಿ ಇರ್ಬಾರ್ದು, ನಮ್ಮ ಬೀದಿಲಿ ಎರಡೂ ಇಲ್ಲ, ಅಂದ್ರೆ ಜಾಗ ಇಲ್ಲ, ತಂತಿ ಬೇಕಾದಷ್ಟಿದೆ.

ಒಡೆಯೋದು ಮತ್ತೆ ತುಂಬೋದು

ಇದ್ರ ಬಗ್ಗೆ ಯಾರೂ ಕೇಳಲ್ಲ, ಅಪಾಯ ಇರೋದು ಇಲ್ಲೇ. ಮೂರು ನಾಲ್ಕು ಕಮಾನಿರೋ ಹಳೇ ಸೇತುವೆಲಿ ಮಧ್ಯದ ಕಂಬಗಳು ನಿಂತಿರೋದು ಎರಡೂ ಪಕ್ಕದ ಕಮಾನು ಸಮಸಮ ಒದೀತಾ ಇರೋದ್ರಿಂದ. ಒಂದು ಕಮಾನು ಒಡೆದ್ರೆ ಕಂಬಕ್ಕೆ ಒಂದೇ ಕಡೆಯಿಂದ ಒದೆತ, ಕಂಬ ವಾಲುತ್ತೆ, ಅದರ ಹಿಂದೆ ಉಳಿದವೂ ಇಸ್ಪೀಟ್ ಎಲೆ ಬಿದ್ದ ಹಾಗೆ. 'ಎರಡು ಕಮಾನು ಈಗ ಒಡೆಯೋಣ, ಉಳಿದಿದ್ದು ಆಮೇಲೆ' ಅನ್ನೋರನ್ನ ಅಲ್ಲೇ ನಿಲ್ಲಿಸಿ. ಅರ್ಧ ಸೇತುವೆಲಿ ಟ್ರಾಫಿಕ್ ಬಿಡ್ಬೇಕು ಅಂದ್ರೆ ರಸ್ತೆ ಉದ್ದಕ್ಕೆ ಎಡ ಬಲ ಅಂತ ಸೀಳಬಹುದು, ಅದೂ ಉಳಿಯೋ ಅರ್ಧಕ್ಕೆ ಪಕ್ಕದ ಆಸರೆ ಕೊಟ್ಟು, ಇಂಜಿನಿಯರ್ ಲೆಕ್ಕ ಮಾಡಿ. ನಮ್ಮ ಒಂಟಿ ಕಮಾನಿನ ಮೇಲಿನ ರಸ್ತೆ 5.5 ಮೀಟರ್, ಅದ್ರಲ್ಲಿ ಅರ್ಧ ಅಂದ್ರೆ ಆಟೋ ಹೋಗುತ್ತೆ, ಬಸ್ ಹೋಗಲ್ಲ, ಪೂರ್ತಿ ಬಂದ್ ಮಾಡಿ ಬೇಗ ಮುಗಿಸೋದೇ ವಾಸಿ ಅನ್ಸುತ್ತೆ, ಸ್ಕೂಲ್ ಮಕ್ಕಳು ನಡೆಯೋಕೆ ಒಂದು ಸಣ್ಣ ಕಬ್ಬಿಣದ ಕಾಲುಸೇತುವೆ ಮಾತ್ರ ಮೊದ್ಲೇ ಹಾಕ್ಸಿ.

ತುಂಬೋ ಕಥೆ ನಾನೇ ಕಂಡಿದ್ದು. ವರ್ಷಗಳ ಹಿಂದೆ ಒಂದು ಹಳ್ಳಿ ರಸ್ತೆಲಿ ಸಣ್ಣ ಕಮಾನು ಕಲ್ವರ್ಟು, ಎರಕ ಚೆನ್ನಾಗಿ ಬಂದಿತ್ತು, 28 ದಿನ ನೀರೂ ಕುಡ್ಸಿದ್ವಿ. ಮಣ್ಣು ತುಂಬೋ ದಿನ ನಾನು ಸಿಮೆಂಟ್ ಬಿಲ್ ವಿಷಯಕ್ಕೆ ಪೇಟೆಗೆ ಹೋಗಿದ್ದೆ. ಜೆಸಿಬಿಯವನಿಗೆ ಈ ಕಡೆ ದಡದಲ್ಲೇ ಮಣ್ಣು ಗುಡ್ಡೆ ಇತ್ತಲ್ಲ, ಆ ಕಡೆ ಸುತ್ತಾಕ್ಕೊಂಡು ಹೋಗೋದ್ಯಾಕೆ ಅಂತ ಈ ಕಡೆಯಿಂದಲೇ ಪೂರ್ತಿ ತುಂಬ್ತಾ ಬಂದ. ಸಾಯಂಕಾಲ ಬಂದು ನೋಡ್ತೀನಿ, ಮಣ್ಣಿನ ಕಡೆ ಭುಜ ಕೆಳಕ್ಕೆ ಒತ್ತಿ ಖಾಲಿ ಕಡೆ ಭುಜ ಮೇಲಕ್ಕೆ ಉಬ್ಬಿ ಅಲ್ಲಿ ಬೆನ್ನ ಮೇಲೆ ಬೆರಳು ತೂರೋ ಅಷ್ಟು ಬಿರುಕು. ದಿಂಬಿನ ಒಂದು ತುದಿ ಅದುಮಿದ್ರೆ ಇನ್ನೊಂದು ತುದಿ ಏಳುತ್ತಲ್ಲ ಹಾಗೆ. ಒಡೆದು ಮತ್ತೆ ಕಟ್ಟಿದ್ವಿ, ಖರ್ಚು ಯಾರ ತಲೆಗೆ ಬಂತು ಅಂತ ಕೇಳ್ಬೇಡಿ. ಎರಡೂ ಕಡೆ ಸಮಸಮವಾಗಿ, ಒಂದೊಂದು ಅಡಿಗಿಂತ ಕಮ್ಮಿ ಪದರ, ಈ ಕಡೆ ಒಂದು ಆ ಕಡೆ ಒಂದು, ಕಮಾನಿನ ಹತ್ರ ಸಣ್ಣ ರೋಲರ್ ಮಾತ್ರ. ಎರಕ ಹೊಯ್ಯುವಾಗಲೂ ಅಷ್ಟೇ, ಎರಡೂ ಪಾದದಿಂದ ಒಟ್ಟಿಗೇ ನೆತ್ತಿಗೆ ಬರ್ಬೇಕು. ಸೆಂಟ್ರಿಂಗ್ ಬಿಚ್ಚೋದು ನೆತ್ತಿಯಿಂದ ಶುರು ಮಾಡಿ ಪಾದದ ಕಡೆಗೆ, ನಿಧಾನಕ್ಕೆ.

ಪ್ರತಿ ಸೆಪ್ಟೆಂಬರ್ 15ಕ್ಕೆ ಇಲ್ಲೇ ಮುದ್ದೇನಹಳ್ಳಿಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕೋರಲ್ಲಿ ನಾನೂ ಒಬ್ಬ, ಆದ್ರೂ ಜೆಸಿಬಿ ಪಕ್ಕ ನಿಲ್ಲೋ ಬದ್ಲು ಬಿಲ್ ಹಿಂದೆ ಹೋಗಿದ್ದೆ ನೋಡಿ.

ನಮ್ಮ ಸೇತುವೆಗೆ

ನನ್ನ ಆರ್ಡರ್ ಹೀಗಿದೆ. ಬೋರಲ್ಲಿ ಎರಡೂ ಕಡೆ ನಿಜವಾದ ಬಂಡೆ ಮೇಲ್ಗಡೆನೇ ಸಿಕ್ಕಿದ್ರೆ ಆರ್‌ಸಿಸಿ ಕಮಾನು, 12 ಮೀಟರ್ ಅಗಲ, ಎತ್ತರ ಮೂರಕ್ಕಿಂತ ಕಮ್ಮಿ ಮಾಡೋ ಹಾಗಿಲ್ಲ. ಒಂದು ಕಡೆ ಬಂಡೆ ಒಂದು ಕಡೆ ಗೋಡು ಸಿಕ್ಕಿದ್ರೆ (ನನಗೆ ಅನುಮಾನ ಇರೋದೇ ಇದು, ಟ್ರಾನ್ಸ್‌ಫಾರ್ಮರ್ ಕಡೆ ಹಿಂದೆ ಕೆರೆ ಅಂಗಳ ಇತ್ತಂತೆ) ಸುಮ್ನೆ ಹಠ ಮಾಡ್ದೆ ಬಾಕ್ಸ್, ಆದ್ರೆ ಮೂರು ಕಿಂಡಿ ಬದಲು ಆರು ಮೀಟರಿನ ಎರಡು ಕಿಂಡಿ, ಮಧ್ಯದ ಗೋಡೆಯ ಮೂತಿ ನೀರಿಗೆದುರಾಗಿ ಚೂಪು, ಮತ್ತೆ ಜೆಸಿಬಿ ಇಳಿಯೋ ರ‍್ಯಾಂಪು. ಗರ್ಡರು ರಸ್ತೆ ಎತ್ತರದ ಕಾರಣಕ್ಕೆ ಬೇಡ. ಸೆಲ್ಫಿ ಸೇತುವೆ ಹುಡುಗನಿಗೆ ಬೇಜಾರಾಗುತ್ತೆ, ಪರವಾಗಿಲ್ಲ, ಆರ್‌ಸಿಸಿ ಕಮಾನಿಗೂ ಲೈಟ್ ಹಾಕಬಹುದು.

ಯಾವುದೇ ಕಟ್ಟಲಿ, ಹಳೇ ಕಲ್ಲುಗಳ ಬಗ್ಗೆ ಟೆಂಡರಲ್ಲೇ ಒಂದು ಸಾಲು ಬರೆಸಿ. ಇಷ್ಟು ಅಚ್ಚುಕಟ್ಟಾದ ಕೆತ್ತಿದ ಕಲ್ಲು ಒಡೆದ ರಾತ್ರಿನೇ ಕಾಲು ಬಂದು ನಡ್ಕೊಂಡು ಹೋಗಿ ಯಾರದ್ದೋ ತೋಟದ ಮನೆ ಕಾಂಪೌಂಡಲ್ಲಿ ಕೂತ್ಕೊಳ್ತವೆ. ಹೊಸ ಸೇತುವೆಯ ಪ್ಯಾರಪೆಟ್ಟಿಗೆ, ದಡದ ಪಿಚಿಂಗಿಗೆ (ಮಣ್ಣು ಕೊಚ್ಚದ ಹಾಗೆ ಹಾಸೋ ಕಲ್ಲಿಗೆ) ಅವನ್ನೇ ಹಾಕಿ, ದುಡ್ಡೂ ಉಳಿಯುತ್ತೆ. ಮೇಸ್ತ್ರಿ ಮತ್ತೆ ನಾನು ಆವತ್ತೇ ಕೆಳಗೆ ಕಾಣೋ ಮುಂದಿನ ಸಾಲಿನ 31 ಕಮಾನು ಕಲ್ಲಿಗೂ ಕೆಂಪು ಆಯಿಲ್ ಪೇಂಟಲ್ಲಿ ನಂಬರ್ ಹಾಕಿ ಬಂದಿದೀವಿ, ನೆತ್ತಿ ಮೇಲಿನ ನಡುಗಲ್ಲು 16. ಅದು ಎಲ್ಲಿಗಾದ್ರೂ ಹೊರಟಿದ್ದು ಕಂಡ್ರೆ ಲಾರಿ ನಂಬರ್ ಬರ್ಕೊಳ್ಳಿ.